ತಿಳಿನೀರೆಲ್ಲ ಶುಚಿಯಲ್ಲ

ಮನೆಯ ಪಡಸಾಲೆಯಲ್ಲಿ ಗಾಜಿನ ತೊಟ್ಟಿಯೊಂದನ್ನಿರಿಸಿ ಮೀನು ಸಾಕುವ ಹವ್ಯಾಸ ದೊಡ್ಡ ನಗರಗಳನ್ನು ದಾಟಿ ಮಲೆನಾಡಿನ ಊರುಗಳಿಗೂ ಬಂದಿದೆ. ತೊಟ್ಟಿಯನ್ನು ಕೊಳ್ಳುವವರೆಗೆ ಮನೆಮಂದಿಗೆಲ್ಲ ಒಂದೇ ಉತ್ಸಾಹ. ಕೊಂಡ ಮೇಲೆ ಪ್ರಶ್ನೆಯೊಂದು ಏಳುತ್ತದೆ: ನೀರನ್ನು ಶೋಧಿಸುವ ಫಿಲ್ಟರು ಯಾವುದಿರಬೇಕು? ಅಂಗಡಿಯಾತ ಹತ್ತು ಬಗೆಗಳನ್ನು ತೋರಿಸುತ್ತಾನೆ, ಹತ್ತನ್ನೂ ಹೊಗಳುತ್ತಾನೆ. ಯಜಮಾನರು ಬೆಲೆಯನ್ನು ನೋಡಿ ಒಂದನ್ನು ಮೆಚ್ಚುತ್ತಾರೆ, ಮಗರಾಯ ಬಣ್ಣವನ್ನು ನೋಡಿ ಇನ್ನೊಂದನ್ನು. ಅದನ್ನೇ ನೆಚ್ಚಿ ಬದುಕಬೇಕಾದ ಮೀನುಗಳನ್ನು ಯಾರೂ ಕೇಳುವುದಿಲ್ಲ.

ಶೋಧಕದ ಕೆಲಸ ನೀರನ್ನು ತಿಳಿಯಾಗಿಸುವುದೆಂದೇ ಬಹುಮಂದಿಯ ಭಾವನೆ. ಇದು ಅರ್ಧಸತ್ಯ. ಆಷಾಢಮಾಸದಲ್ಲಿ ಶೃಂಗೇರಿಯ ತುಂಗೆಯನ್ನು ನೋಡಿದವರು ಬಲ್ಲರು: ಕೆಮ್ಮಣ್ಣು ಕದಡಿ ನದಿ ಕೆಂಪಗೆ ಹರಿಯುತ್ತಿರುತ್ತದೆ. ಆ ಕೆನ್ನೀರಿನಲ್ಲಿಯೂ ಮೀನುಗಳು ಬದುಕಿರುತ್ತವೆ. ಮಳೆ ಕಳೆದು ನೀರು ತಿಳಿಯಾದಾಗ, ಸೋಪಾನದ ಬಳಿ ಯಾತ್ರಿಕರು ಎರಚುವ ಮಂಡಕ್ಕಿಗೆ ಗುಂಪುಗುಂಪಾಗಿ ಬಾಯ್ದೆರೆಯುವುವೂ ಅವೇ. ಇತ್ತ ಹೊಸ ತೊಟ್ಟಿಯ ನೀರು ಹರಳಿನಂತೆ ಹೊಳೆಯುತ್ತಿದ್ದರೂ, ತಂದ ಹತ್ತನೆಯ ದಿನಕ್ಕೆ ಮೀನುಗಳು ಮೇಲಕ್ಕೆ ಬಂದು ಏದುತ್ತ ಒಂದೊಂದಾಗಿ ಸಾಯುವುದುಂಟು. ಕದಡಿದ ನೀರು ಕಾಯಿತು, ತಿಳಿನೀರು ಕೊಂದಿತು. ಇದರ ಗುಟ್ಟೇನು?

ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಬಿಡುತ್ತದೆ. ತಿಂದುಳಿದ ಆಹಾರ ಕೊಳೆತಾಗಲೂ ಹುಟ್ಟುವುದು ಅಮೋನಿಯಾವೇ. ಇದಕ್ಕೆ ನೀರಿನಲ್ಲಿ ಬಣ್ಣವಿಲ್ಲ, ಆದರೆ ವಿಷವುಂಟು. ಪ್ರಕೃತಿಯಲ್ಲಿ ಒಂದು ಜಾತಿಯ ಸೂಕ್ಷ್ಮಾಣುಗಳು ಇದನ್ನು ನೈಟ್ರೈಟ್ ಎಂಬ ವಸ್ತುವಾಗಿ ಮಾರ್ಪಡಿಸುತ್ತವೆ. ಅದೂ ವಿಷವೇ, ಮೀನಿನ ರಕ್ತವನ್ನು ಸೇರಿ, ಆಮ್ಲಜನಕವನ್ನು ಹೊರುವ ಅದರ ಶಕ್ತಿಯನ್ನು ಕುಂದಿಸುತ್ತದೆ. ಇನ್ನೊಂದು ಜಾತಿಯವು ನೈಟ್ರೈಟನ್ನು ಅಷ್ಟೇನೂ ಅಪಾಯಕರವಲ್ಲದ ನೈಟ್ರೇಟಾಗಿ ಮಾಡುತ್ತವೆ. ಈ ಅಗೋಚರ ಸೇವಕರನ್ನು 1890ರ ಸುಮಾರಿಗೆ ಮಣ್ಣಿನಿಂದ ಬೇರ್ಪಡಿಸಿ ತೋರಿಸಿದವರು ರಷ್ಯದ ವಿಜ್ಞಾನಿ ಸೆರ್ಗೇ ವಿನೊಗ್ರಾಡ್‌ಸ್ಕಿ. ಅಡಕೆಯ ತೋಟಕ್ಕೆ ಹಾಕಿದ ಸೊಪ್ಪು ಗೊಬ್ಬರವನ್ನು ಮರದ ಬೇರು ಹೀರಬಲ್ಲ ನೈಟ್ರೇಟಾಗಿ ಮಾಡಿಕೊಡುವವರೂ ಈ ಬಳಗದವರೇ.

ತುಂಗೆಯ ಒಡಲಿನ ಒಂದೊಂದು ಬಂಡೆ, ಒಂದೊಂದು ನುಣುಪುಗಲ್ಲಿನ ಮೇಲಿನ ಲೋಳೆಯಲ್ಲಿ ಇಂಥ ಜೀವಿಗಳು ಮನೆಮಾಡಿಕೊಂಡಿವೆ. ಹರಿವ ನೀರು ಅವಕ್ಕೆ ಬೇಕಾದ ಆಮ್ಲಜನಕವನ್ನು ತಂದುಕೊಡುತ್ತದೆ. ಹೊಸ ಗಾಜಿನ ತೊಟ್ಟಿಯಲ್ಲಿ ಇವು ಇನ್ನೂ ನೆಲಸಿಲ್ಲ. ಆದುದರಿಂದ ಶೋಧಕವೆಂದರೆ ಕಸ ಹಿಡಿಯುವ ಜರಡಿ ಮಾತ್ರವಲ್ಲ. ಈ ಜೀವಿಗಳಿಗೆ ನಾವು ಕಟ್ಟಿಕೊಡುವ ಮನೆ. ಯಾವ ಶೋಧಕ ಒಳ್ಳೆಯದೆಂದು ಕೇಳುವುದರ ಬದಲು, ಯಾವ ಮನೆಯಲ್ಲಿ ಇವು ನಮ್ಮ ಊರಿನ ಮಳೆಗಾಲವನ್ನು ಕಳೆದು ಬದುಕಿಯಾವು ಎಂದು ಕೇಳುವುದು ಲೇಸು.

ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿಯನ್ನು ತೆಗೆದುಕೊಳ್ಳೋಣ. ಇಪ್ಪತ್ತು ಘನ ಅಡಿ, ಎಂದರೆ ಸುಮಾರು 566 ಲೀಟರು. ಮರಳಿಗೂ ಮೇಲಿನ ತೆರಪಿಗೂ ಕಳೆದರೆ 500 ಲೀಟರು ನೀರು. ಗಂಟೆಗೆ ನಾಲ್ಕೈದು ಬಾರಿ ಈ ನೀರೆಲ್ಲ ಶೋಧಕದ ಮೂಲಕ ಹಾದುಬರಬೇಕೆಂಬುದು ಬಳಕೆಯ ಲೆಕ್ಕ. ಎಂದರೆ 2000ದಿಂದ 2500 ಲೀಟರು. ಪೆಟ್ಟಿಗೆಯ ಮೇಲೆ ಅಚ್ಚಾದ ಸಂಖ್ಯೆಯನ್ನು ಪೂರ್ತಿ ನಂಬಬಾರದು. ನೀರನ್ನು ಮೇಲಕ್ಕೆತ್ತುವಾಗಲೂ ಸ್ಪಂಜಿನಲ್ಲಿ ಕಸ ತುಂಬಿದಾಗಲೂ ಪಂಪಿನ ಶಕ್ತಿ ಕುಗ್ಗುತ್ತದೆ.

ಇಷ್ಟು ದೊಡ್ಡ ತೊಟ್ಟಿಗೆ ಹೊಂದುವ ಶೋಧಕಗಳು ಮುಖ್ಯವಾಗಿ ಮೂರು. ಮೊದಲನೆಯದು ಸ್ಪಂಜಿನ ಶೋಧಕ: ಗಾಳಿಯ ಗುಳ್ಳೆಗಳ ಬಲದಿಂದ ನೀರನ್ನು ಸ್ಪಂಜಿನ ಮೂಲಕ ಸೆಳೆಯುವ ಬಡವರ ಬಂಧು. ಎರಡನೆಯದು ಕ್ಯಾನಿಸ್ಟರ್: ಪಿಂಗಾಣಿಯ ಉಂಗುರ, ಸ್ಪಂಜುಗಳನ್ನು ತುಂಬಿದ ಮುಚ್ಚುಡಬ್ಬಿ; ತೊಟ್ಟಿಯ ಕೆಳಗೆ ಕಣ್ಣಿಗೆ ಬೀಳದಂತೆ ಕುಳಿತಿರುತ್ತದೆ. ಮೂರನೆಯದು ಸಂಪ್. ಇದು ನಮ್ಮ ಅಂಗಳದ ನೆಲತೊಟ್ಟಿಯಲ್ಲ. ಮೀನಿನ ತೊಟ್ಟಿಯ ಕೆಳಗಿಡುವ ಇನ್ನೊಂದು ತೊಟ್ಟಿ. ಮೇಲಿನಿಂದ ತುಂಬಿ ಹರಿದ ನೀರು ಇದರ ಕೋಣೆಗಳಲ್ಲಿ ಶುದ್ಧವಾಗಿ, ಪಂಪಿನಿಂದ ಮತ್ತೆ ಮೇಲೇರುತ್ತದೆ.

ಪೇಟೆಯ ಶ್ರೀಮಂತರು ಕ್ಯಾನಿಸ್ಟರನ್ನು ಮೆಚ್ಚುವುದು ಸಹಜ. ನೋಟಕ್ಕೆ ಚೊಕ್ಕಟ, ಸದ್ದಿಲ್ಲ. ಆದರೆ ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ಮಳೆಗಾಲವೇ ಬೇರೆ. ಮರ ಮುರಿದು ತಂತಿಯ ಮೇಲೆ ಬಿದ್ದರೆ ವಿದ್ಯುತ್ತು ಗಂಟೆಗಟ್ಟಲೆ, ಒಮ್ಮೊಮ್ಮೆ ದಿನಗಟ್ಟಲೆ ಬಾರದು. ಮುಚ್ಚಿದ ಡಬ್ಬಿಯೊಳಗಿನ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ತೀರಿಹೋಗುತ್ತದೆ. ನಮ್ಮ ಸೇವಕರು ಉಸಿರುಗಟ್ಟಿ ಸಾಯತೊಡಗುತ್ತಾರೆ. ವಿದ್ಯುತ್ತು ಮರಳಿದಾಗ ಆ ಕೊಳೆತ ನೀರೆಲ್ಲ ಒಂದೇ ಸಲ ಮೀನುಗಳ ಮೇಲೆ ಸುರಿಯುತ್ತದೆ. ಈಗಾಗಲೇ ಕ್ಯಾನಿಸ್ಟರುಳ್ಳವರು, ವಿದ್ಯುತ್ತು ಬಹಳ ಹೊತ್ತು ಹೋದಾಗ ಅದರ ಗುಂಡಿಯನ್ನು ಆರಿಸಿಟ್ಟು, ಒಳಗಿನ ನೀರನ್ನು ಚೆಲ್ಲಿ, ತೊಳೆದ ಬಳಿಕವೇ ಮತ್ತೆ ನಡೆಸತಕ್ಕದ್ದು.

ಸಂಪಿನ ಗುಣವೆಂದರೆ ಅದು ತೆರೆದ ಮನೆ. ಉಂಗುರಗಳ ಮೇಲೆ ನೀರು ಹನಿಹನಿಯಾಗಿ ಬೀಳುವಂತೆ ಒಂದು ಕೋಣೆಯನ್ನು ಮಾಡಿಸಿದರೆ, ಪಂಪು ನಿಂತಾಗಲೂ ಅವು ಒದ್ದೆಯಾಗಿದ್ದು ಗಾಳಿಯನ್ನು ಉಸಿರಾಡುತ್ತವೆ. ಆದರೆ ಇಲ್ಲಿಯೂ ಎಚ್ಚರ ಬೇಕು. ಪಂಪು ನಿಂತೊಡನೆ ಮೇಲಿನ ನೀರು ಹೊರಬಾಯಿಯ ಮಟ್ಟದವರೆಗೆ ಕೆಳಗಿಳಿಯುತ್ತದೆ. ನಮ್ಮ ತೊಟ್ಟಿಯಲ್ಲಿ ಒಂದಂಗುಲವೆಂದರೆ ಸುಮಾರು 24 ಲೀಟರು. ಎರಡಂಗುಲ ಇಳಿದರೆ 48. ಇಷ್ಟಕ್ಕೆ ಸಂಪಿನಲ್ಲಿ ಸದಾ ತೆರಪಿರಬೇಕು. ನೀರು ಮೇಲೇರುವ ಕೊಳವೆಗೆ ನೀರ್ಮಟ್ಟದ ತುಸು ಕೆಳಗೆ ಸಣ್ಣ ರಂಧ್ರವೊಂದಿರಬೇಕು. ಇಲ್ಲವಾದರೆ ಆ ಕೊಳವೆಯೇ ಹಿಮ್ಮುಖವಾಗಿ ನೀರನ್ನೆಳೆದು ಪಡಸಾಲೆಯನ್ನು ಕೆರೆಯಾಗಿಸೀತು. ಗೃಹಿಣಿಯ ಕೋಪಕ್ಕೆ ಯಾವ ಶೋಧಕವೂ ಇಲ್ಲವಷ್ಟೆ!

ಮಲೆನಾಡಿನ ನೀರಿನದೂ ಒಂದು ವಿಶೇಷವುಂಟು. ಬಾವಿಯ ನೀರಿನಲ್ಲಿ ಸಾಬೂನು ಸುಲಭವಾಗಿ ನೊರೆಯಾಡುವುದನ್ನು ಎಲ್ಲರೂ ಬಲ್ಲರು. ಅದು ಮೃದುಜಲ, ಸುಣ್ಣದಂಶ ಕಡಿಮೆ. ಸೂಕ್ಷ್ಮಾಣುಗಳು ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ಮಾರ್ಪಡಿಸುವಾಗ, ಸುಣ್ಣಕಲ್ಲಿನ ಲೆಕ್ಕದಲ್ಲಿ ಸುಮಾರು ಏಳು ಗ್ರಾಂ ಕ್ಷಾರವನ್ನು ನೀರಿನಿಂದ ಕಳೆಯುತ್ತವೆ. ಮೃದುಜಲದಲ್ಲಿ ಈ ದಾಸ್ತಾನು ಬೇಗ ಬರಿದಾಗಿ ನೀರು ಆಮ್ಲವಾಗುತ್ತದೆ. ಸೂಕ್ಷ್ಮಾಣುಗಳ ಕೆಲಸ ಮಂದವಾಗಿ ಅಮೋನಿಯಾ ಕೂಡಿಬೀಳುತ್ತದೆ. ಆಮ್ಲದಲ್ಲಿ ಅದರ ವಿಷ ಅಡಗಿರುವುದರಿಂದ ಮೀನುಗಳು ಚೆನ್ನಾಗಿಯೇ ಕಾಣುತ್ತವೆ. ಒಂದು ದಿನ ಯಜಮಾನರು ತೊಟ್ಟಿಯ ಅರ್ಧಕ್ಕೂ ಹೆಚ್ಚು ನೀರನ್ನು ಒಮ್ಮೆಗೇ ಬದಲಿಸುತ್ತಾರೆ. ಆಮ್ಲತೆ ತಗ್ಗಿದೊಡನೆ ಅಡಗಿದ್ದ ವಿಷ ಎಚ್ಚರಗೊಳ್ಳುತ್ತದೆ. “ಶುಭ್ರವಾದ ನೀರು ಹಾಕಿದೆವು, ಮೀನುಗಳು ಸತ್ತವು” ಎಂಬ ಗೋಳಿನ ಹಿಂದೆ ಹಲವು ವೇಳೆ ಇರುವುದು ಇದೇ.

ಉಪಾಯ ಸುಲಭ. ಕಪ್ಪೆಚಿಪ್ಪಿನ ಚೂರುಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಶೋಧಕದಲ್ಲಿರಿಸಬಹುದು. ನೀರು ಆಮ್ಲವಾದಂತೆ ಅದು ತಾನೇ ಕರಗಿ ಕೊರತೆಯನ್ನು ತುಂಬುತ್ತದೆ. ತಾಂಬೂಲದ ಸುಣ್ಣವನ್ನು ಮಾತ್ರ ಎಂದಿಗೂ ಹಾಕಬಾರದು. ಅದರ ಉಗ್ರಕ್ಷಾರ ಮೀನನ್ನು ಸುಡುತ್ತದೆ. ವಾರಕ್ಕೊಮ್ಮೆ ಕಾಲುಭಾಗದಷ್ಟು ನೀರನ್ನು ತಪ್ಪದೆ ಬದಲಿಸಬೇಕು, ಏಕೆಂದರೆ ನೈಟ್ರೇಟನ್ನು ಈ ಶೋಧಕಗಳು ತೆಗೆಯಲಾರವು. ಹೊರತೆಗೆದ ನೀರನ್ನು ಕರಿಬೇವಿನ ಬುಡಕ್ಕೆ ಹಾಕಿದರೆ ವ್ಯರ್ಥವೇನೂ ಅಲ್ಲ. ಸ್ಪಂಜನ್ನು ತೊಳೆಯುವುದೂ ಆ ನೀರಿನಲ್ಲಿಯೇ. ಪಟ್ಟಣ ಪಂಚಾಯತಿಯ ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇದ್ದರೆ ಸೇವಕರೆಲ್ಲ ಸತ್ತಾರು.

ಹಾಗಾದರೆ ಆರಿಸಬೇಕಾದುದು ಯಾವುದನ್ನು? ಮಲೆನಾಡಿನ ಐದಡಿಯ ತೊಟ್ಟಿಗೆ ಹನಿಕೋಣೆಯುಳ್ಳ ಸಂಪನ್ನು ಮಾಡಿಸಿ, ಜೊತೆಗೆ ತೊಟ್ಟಿಯೊಳಗೆ ಎರಡು ದೊಡ್ಡ ಸ್ಪಂಜಿನ ಶೋಧಕಗಳನ್ನಿರಿಸುವುದು ಉತ್ತಮ. ಇವುಗಳ ಗಾಳಿಯಂತ್ರಕ್ಕೆ ಸಾಕಾಗುವುದು ಕೆಲವೇ ವ್ಯಾಟ್ ವಿದ್ಯುತ್ತು. ದೊಡ್ಡ ಪಂಪು ನಿಂತರೂ ಮನೆಯ ಇನ್ವರ್ಟರಿನ ಬ್ಯಾಟರಿಯಿಂದ ರಾತ್ರಿಯಿಡೀ ನಡೆದೀತು. ಹಣ ಸಾಲದಿದ್ದರೆ ಮೊದಲು ಸ್ಪಂಜುಗಳನ್ನಿಟ್ಟು, ಮೀನುಗಳನ್ನು ಕಡಿಮೆ ಮಾಡಿಕೊಳ್ಳಬೇಕು. ಸಂಪು ಮುಂದಿನ ವರ್ಷ ಬಂದರೂ ಬಾಧಕವಿಲ್ಲ.

ಕಡೆಯದಾಗಿ, ಅಂಗಡಿಯಲ್ಲಿ ದೊರೆಯದ ವಸ್ತುವೊಂದು ಬೇಕು: ತಾಳ್ಮೆ. ಹೊಸ ಶೋಧಕದಲ್ಲಿ ಸೂಕ್ಷ್ಮಾಣುಗಳ ಸಂಸಾರ ಬೆಳೆಯಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹಳೆಯ ತೊಟ್ಟಿಯುಳ್ಳ ಸ್ನೇಹಿತರಿಂದ ಬಳಸಿದ ಸ್ಪಂಜೊಂದನ್ನು ಬೇಡಿ ತಂದರೆ, ಹಾಲಿಗೆ ಹೆಪ್ಪು ಹಾಕಿದಂತೆ, ಕೆಲಸ ಬೇಗನೆ ಸಾಗುತ್ತದೆ. ನದಿಯ ಮೀನು ಕೆಟ್ಟ ನೀರನ್ನು ಬಿಟ್ಟು ಈಜಿ ಹೋದೀತು. ಗಾಜಿನೊಳಗಿನ ಮೀನಿಗೆ ಹೋಗಲು ಬೇರೆ ತಾವಿಲ್ಲ. ಮಕ್ಕಳು ಎಷ್ಟೇ ಅವಸರಪಡಿಸಲಿ, ಮೊದಲು ಮೂರು ನಾಲ್ಕು ಸಣ್ಣ ಮೀನುಗಳನ್ನು ಮಾತ್ರ ತಂದು, ಚಿಟಿಕೆಯಷ್ಟು ಆಹಾರ ಹಾಕಿ, ಉಳಿದವನ್ನು ಎರಡು ತಿಂಗಳ ಮೇಲೆ ತರುವುದು ಮೇಲು.