ಆಟದಲ್ಲಿ ಮೀಸಲಾತಿ ಇಲ್ವಂತೆ!

ಮೊನ್ನೆ ಆಫೀಸಲ್ಲಿ ಊಟದ ಹೊತ್ತಿಗೆ ಪಕ್ಕದ ಸೆಕ್ಷನ್ನಿನವರೊಬ್ಬರು ಶುರು ಮಾಡಿದ್ರು. ನಮ್ಮ ಹೆಣ್ಮಕ್ಕಳು ಕ್ರಿಕೆಟ್ ವಿಶ್ವಕಪ್ ಗೆದ್ದ ಮಾತು ಬಂದಿತ್ತು. "ನೋಡಿ ಮೇಡಂ, ಆಟದಲ್ಲಿ ಮೀಸಲಾತಿ ಇಲ್ಲ. ಅದಕ್ಕೇ ಗೆಲ್ತಾರೆ. ಬರೀ ಮೆರಿಟ್ಟು." ಹೇಳಿದ್ದು ಎಲ್ಲರಿಗೂ, ನೋಡಿದ್ದು ಮಾತ್ರ ನನ್ನ ಕಡೆ. ಡಬ್ಬಿ ಮುಚ್ಚಿ ಎದ್ದು ಬಂದೆ. ಉತ್ತರ ಇರಲಿಲ್ಲ ಅಂತಲ್ಲ. ಅರ್ಧ ಗಂಟೆಯ ಬಿಡುವಲ್ಲಿ ಮುಗಿಯೋ ಉತ್ತರ ಅಲ್ಲ ಅದು. ಅದಕ್ಕೇ ಇಲ್ಲಿ ಬರೀತಿದ್ದೀನಿ.

ರಗ್ಬಿ ಸೆವೆನ್ಸ್ ಅಂತ ಒಂದು ಆಟ ಇದೆ. ಪ್ಯಾರಿಸ್ ಒಲಿಂಪಿಕ್ಸ್ ಹೊತ್ತಲ್ಲಿ ಮಗಳು ಮೊಬೈಲಲ್ಲಿ ತೋರಿಸೋ ತನಕ ನನಗೂ ಗೊತ್ತಿರಲಿಲ್ಲ. ಮೊಟ್ಟೆ ಆಕಾರದ ಚೆಂಡು. ಒಂದೊಂದು ಕಡೆ ಏಳೇ ಜನ, ಆದ್ರೆ ಮೈದಾನ ಹದಿನೈದು ಜನ ಆಡೋ ಅಷ್ಟೇ ದೊಡ್ಡದು. ಏಳೇಳು ನಿಮಿಷದ ಎರಡು ಅವಧಿ. ಚೆಂಡನ್ನ ಕೈಯಿಂದ ಮುಂದಕ್ಕೆ ಎಸೆಯೋ ಹಾಗಿಲ್ಲ. ಹಿಂದಕ್ಕೋ ಪಕ್ಕಕ್ಕೋ ಕೊಡ್ತಾ ಮುಂದೆ ಓಡಬೇಕು. ಎದುರಿನವಳು ಬಂದು ಸೊಂಟಕ್ಕೆ ಅಪ್ಪಿ ಬೀಳಿಸ್ತಾಳೆ. ಕಬಡ್ಡಿ ಆಡಿದೋರಿಗೆ ಆ ಹಿಡಿತ ಹೊಸದೇನಲ್ಲ. ಮಗಳು ತೋರಿಸಿದ್ದು ಕಂಚಿನ ಪದಕದ ಮ್ಯಾಚು. ಆಸ್ಟ್ರೇಲಿಯ 12-7 ಮುಂದಿದೆ, ಇನ್ನೇನು ಮುಗೀತು ಅನ್ನುವಾಗ ಅಮೆರಿಕದ ಅಲೆಕ್ಸ್ ಸೆಡ್ರಿಕ್ ತನ್ನ ಗೆರೆ ಹತ್ತಿರದಿಂದ ಹಿಡಿದೋರನ್ನ ಕೊಡವಿಕೊಂಡು ಮೈದಾನದ ಆ ತುದಿವರೆಗೂ ಓಡಿದಳು. 14-12. ನಾನು ಆ ವಿಡಿಯೋನ ಆರೇಳು ಸಲ ನೋಡಿದೆ. ಆ ಪ್ಯಾರಿಸ್ ಕ್ರೀಡಾಂಗಣದಲ್ಲಿ ಹೆಂಗಸರ ರಗ್ಬಿ ನೋಡೋಕೆ ಒಂದೇ ದಿನ 66,000 ಜನ ಬಂದಿದ್ರು. ಆಗ ಅದು ದಾಖಲೆ.

ಈ 66,000 ಜನ ಮೊದಲಿಂದ ಟಿಕೆಟ್ ಹಿಡ್ಕೊಂಡು ಕಾಯ್ತಾ ಇದ್ರಾ? ಇಲ್ಲ. ಗಂಡಸರ ಸೆವೆನ್ಸ್ ವಿಶ್ವಕಪ್ ಶುರುವಾಗಿದ್ದು 1993ರಲ್ಲಿ, ಹೆಂಗಸರದ್ದು 2009ರಲ್ಲಿ. ಅದೇ 2009ರ ಅಕ್ಟೋಬರಲ್ಲಿ ಕೋಪನ್‌ಹೇಗನ್ನಲ್ಲಿ ಒಲಿಂಪಿಕ್ ಸಮಿತಿ ಈ ಆಟಕ್ಕೆ ಒಪ್ಪಿಗೆ ಕೊಡ್ತು. 2016ರ ರಿಯೋದಲ್ಲಿ ಗಂಡಸರದ್ದು 12 ತಂಡ, ಹೆಂಗಸರದ್ದೂ 12 ತಂಡ. ಒಪ್ಪಿಗೆ ಸಿಕ್ಕ ದಿನ ಹೆಂಗಸರಿಗೆ ವರ್ಷಾವರ್ಷ ನಡೆಯೋ ವಿಶ್ವ ಸರಣಿನೇ ಇರಲಿಲ್ಲ. ಅದು ಶುರುವಾಗಿದ್ದು 2012ರ ಕೊನೆಗೆ, ಅದೂ ನಾಲ್ಕೇ ಟೂರ್ನಿ. ಗಂಡಸರಿಗೆ ಆಗ ಒಂಬತ್ತು. "ಮೊದಲು ಮಟ್ಟ ಸುಧಾರಿಸಲಿ, ಜನ ಬರಲಿ, ಆಮೇಲೆ ಜಾಗ ಕೊಡೋಣ" ಅಂದಿದ್ರೆ ಇವತ್ತಿಗೂ ಹೆಂಗಸರು ಹೊರಗೇ ನಿಂತಿರ್ತಿದ್ರು.

ಮೊದಲು ಕುರ್ಚಿ ಹಾಕಿದ್ರು. ಒಲಿಂಪಿಕ್ಸ್ ಅಂದ ತಕ್ಷಣ ದೇಶ ದೇಶಗಳು ಕೋಚ್ ಇಟ್ಟವು, ಸಂಬಳ ಕೊಟ್ಟವು. ಗಂಡಸರ ರಗ್ಬಿಯೇ ಜೀವ ಅನ್ನೋ ಫಿಜಿ ದೇಶದ ಹೆಣ್ಮಕ್ಕಳು ಟೋಕಿಯೋದಲ್ಲಿ ಕಂಚು ತಂದ್ರು. ಅಮೆರಿಕದವರಿಗೆ ಆ ಪದಕ ಬಂದ ಮೇಲೆ ಒಬ್ಬ ಉದ್ಯಮಿ 40 ಲಕ್ಷ ಡಾಲರ್ ಕೊಡ್ತೀನಿ ಅಂದ್ರು. 2023-24ರ ಹೊತ್ತಿಗೆ ವಿಶ್ವ ಸರಣಿಯಲ್ಲೂ 12ಕ್ಕೆ 12 ಆಯ್ತು. ಈಗ ಖರ್ಚು ಜಾಸ್ತಿ ಅಂತ ಮುಖ್ಯ ಸರಣಿಯನ್ನ 8 ತಂಡಕ್ಕೆ ಇಳಿಸಿದ್ದಾರೆ, ಆದ್ರೆ ಇಳಿಸುವಾಗಲೂ ಸಮ, ಅಲ್ಲೂ 8 ಇಲ್ಲೂ 8. ಇದನ್ನ ಅವರು ಮೀಸಲಾತಿ ಅಂತ ಕರೆಯಲ್ಲ, ನಾನು ಕರೀತೀನಿ.

ಅಷ್ಟೇಕೆ, ಆ ಸಹೋದ್ಯೋಗಿ ಕೊಂಡಾಡಿದ ಕ್ರಿಕೆಟ್ಟೇ ತಗೊಳ್ಳಿ. "ಮಹಿಳಾ ವಿಶ್ವಕಪ್" ಅನ್ನೋ ಹೆಸರಲ್ಲೇ ಇದೆಯಲ್ಲ ಸ್ವಾಮಿ ಮೀಸಲಾತಿ!

ಇನ್ನು ಬರೀ ಮೆರಿಟ್ಟಿನ ವಿಷಯ. ಕೆಂಗೇರಿ ಕಡೆಯಿಂದ ಬರೋರಿಗೆ ಮೈಸೂರು ರಸ್ತೆ ಪಕ್ಕ ಜ್ಞಾನಭಾರತಿಯ ಸಾಯ್ ಕೇಂದ್ರ ಗೊತ್ತು. ಭಾರತದ ಮಹಿಳಾ ಹಾಕಿ ತಂಡದ ಶಿಬಿರ ಅಲ್ಲೇ ನಡೆಯೋದು. ವಂದನಾ ಕಟಾರಿಯಾ ಬೆವರು ಸುರಿಸಿದ್ದು ಅಲ್ಲೇ. ಟೋಕಿಯೋದಲ್ಲಿ ದಕ್ಷಿಣ ಆಫ್ರಿಕಾ ಮೇಲೆ ಮೂರು ಗೋಲು ಹೊಡೆದಳು. ಒಲಿಂಪಿಕ್ಸಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಭಾರತೀಯ ಹೆಣ್ಣು ಅವಳು. ಅದಾಗಿ ಕೆಲವೇ ದಿನಕ್ಕೆ ತಂಡ ಸೆಮಿಫೈನಲ್ ಸೋತಾಗ ಹರಿದ್ವಾರದ ಹತ್ತಿರ ಅವಳ ಮನೆ ಮುಂದೆ ಪಟಾಕಿ ಹೊಡೆದು, ತಂಡದಲ್ಲಿ ದಲಿತರು ಜಾಸ್ತಿ ಆಗಿದ್ದಕ್ಕೇ ಸೋತಿದ್ದು ಅಂತ ಬೈದ್ರು. ಹ್ಯಾಟ್ರಿಕ್ ಹೊಡೆದರೂ ಜಾತಿ ಬಿಡಲಿಲ್ಲ. ಈಗ ಹೇಳಿ, ಯಾವ ಮೆರಿಟ್ಟು?

ನಮ್ಮ ದೇಶದಲ್ಲಿ ಹೆಣ್ಮಕ್ಕಳ ರಗ್ಬಿ ಬೆಳೆದಿದ್ದು ಎಲ್ಲಿ ಗೊತ್ತಾ? ದುಡ್ಡಿರೋ ಕ್ಲಬ್ಬುಗಳಲ್ಲಿ ಮಾತ್ರ ಅಲ್ಲ. ಒಡಿಶಾದ ಆದಿವಾಸಿ ವಸತಿ ಶಾಲೆಯಲ್ಲಿ, ಉತ್ತರ ಬಂಗಾಳದ ಚಹಾ ತೋಟಗಳಲ್ಲಿ, ಬಿಹಾರದ ನಳಂದಾದಲ್ಲಿ. 2019ರಲ್ಲಿ ಮನಿಲಾದಲ್ಲಿ ಭಾರತದ ಮಹಿಳೆಯರು ಹದಿನೈದು ಜನರ ರಗ್ಬಿಯಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯ ಗೆದ್ದಾಗ, ಸಿಂಗಾಪುರದ ಮೇಲೆ 21-19, ಗೆಲುವಿನ ಒದೆ ಒದ್ದಿದ್ದು ಭುವನೇಶ್ವರದ ಕಿಸ್ ಸಂಸ್ಥೆಯಲ್ಲಿ ಓದಿದ ಸುಮಿತ್ರಾ ನಾಯಕ್. ಕಿಸ್ ಬಗ್ಗೆ ಆದಿವಾಸಿ ಸಂಗಾತಿಗಳಿಗೆ ತಕರಾರಿದೆ, ಮಕ್ಕಳನ್ನ ಊರು ಭಾಷೆಯಿಂದ ಕಿತ್ತು ತರುತ್ತೆ ಅಂತ. ಆ ತಕರಾರನ್ನ ನಾನು ತಳ್ಳಿ ಹಾಕಲ್ಲ. ಆದರೆ ಮೈದಾನ, ಕೋಚ್, ಹೊಟ್ಟೆ ತುಂಬ ಊಟ, ಈ ಮೂರು ಒಂದೇ ಕಡೆ ಸಿಕ್ಕಿದ್ದಕ್ಕೆ ಆ ಹುಡುಗಿ ಆಡಿದ್ಲು ಅನ್ನೋದೂ ನಿಜ. 2025ರ ಆಗಸ್ಟಲ್ಲಿ ಬಿಹಾರದ ರಾಜಗೀರ್‌ನಲ್ಲಿ ಏಷ್ಯಾದ 20 ವರ್ಷದೊಳಗಿನವರ ಸೆವೆನ್ಸ್ ಟೂರ್ನಿ ನಡೀತು, ನಮ್ಮ ಹುಡುಗಿಯರು ಕಂಚು ಗೆದ್ದರು. ಬಿಹಾರದಲ್ಲಿ!

ಬೆಂಗಳೂರಿನ ಹೆಸರಲ್ಲೂ ಒಂದು ರಗ್ಬಿ ತಂಡ ಇದೆ, ಬೆಂಗಳೂರು ಬ್ರೇವ್‌ಹಾರ್ಟ್ಸ್. 2025ರ ಜೂನಲ್ಲಿ ಮುಂಬೈಯಲ್ಲಿ ನಡೆದ ಲೀಗಲ್ಲಿ ಆಡ್ತು. ಆರು ತಂಡ, ಆರೂ ಗಂಡಸರದ್ದೇ. ಜಗತ್ತು ಸಮ ಮಾಡಿದ ಆಟವನ್ನ ನಮ್ಮಲ್ಲಿಗೆ ತರುವಾಗ ಅರ್ಧ ಬಿಟ್ಟು ತಂದ್ರು. ಸರ್ಕಾರದ್ದೂ ಕೇಳಿ. 2025ರ ಜನವರಿಯಲ್ಲಿ ಖೋ ಖೋ ವಿಶ್ವಕಪ್ ಗೆದ್ದ ತಂಡದಲ್ಲಿ ತಿ. ನರಸೀಪುರ ತಾಲ್ಲೂಕು ಕುರುಬೂರಿನ ಚೈತ್ರಾ ಇದ್ದಳು. ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿ ಮತ್ತು ಸರ್ಕಾರಿ ಕೆಲಸ ಅಂತು. ನಮ್ಮವರು ಘೋಷಿಸಿದ್ದು 5 ಲಕ್ಷ. ಚೈತ್ರಾನೂ ಪುರುಷರ ತಂಡದ ಗೌತಮ್ಮೂ ಅದು ಬೇಡ ಅಂದ್ರು. ಸರಿಯಾಗೇ ಮಾಡಿದ್ರು.

ನನ್ನದೂ ಒಂದು ಹೇಳಿಬಿಡ್ತೀನಿ. ನಾನು ಹಾಸ್ಟೆಲ್ ಹುಡುಗಿ. ಹತ್ತನೇ ಕ್ಲಾಸಲ್ಲಿ ಕಬಡ್ಡಿಗೆ ಜಿಲ್ಲಾ ಮಟ್ಟದ ಆಯ್ಕೆಗೆ ಹೆಸರು ಬಂತು. ಹಿಂದಿನ ರಾತ್ರಿ ಲಂಗದ ಕೆಳಗೆ ಹಾಕ್ಕೊಳ್ಳೋಕೆ ಅಣ್ಣನ ಹಳೇ ಪ್ಯಾಂಟು ಕತ್ತರಿಸಿ ಹೊಲಿದಿಟ್ಟಿದ್ದೆ. ಬೆಳಗ್ಗೆ ಕಳಿಸಲಿಲ್ಲ. ಜೊತೆಗೆ ಬರೋಕೆ ಹೆಣ್ಣು ಸಿಬ್ಬಂದಿ ಇಲ್ಲ, ಬಸ್ ಚಾರ್ಜಿಗೆ "ಬಾಬ್ತು" ಇಲ್ಲ ಅಂದ್ರು. ಬಾಬ್ತು ಅಂದ್ರೇನು ಅಂತ ಆಗ ಗೊತ್ತಿರಲಿಲ್ಲ. ಗುಮಾಸ್ತೆ ಆದ ಮೇಲೆ ಗೊತ್ತಾಯ್ತು. ಲೆಕ್ಕ ಶೀರ್ಷಿಕೆ ಇಲ್ಲದ ಕೆಲಸಕ್ಕೆ ಯಾವ ಅಧಿಕಾರಿಯೂ ಸಹಿ ಹಾಕಲ್ಲ, ಎಷ್ಟೇ ಒಳ್ಳೆಯವನಾಗಿದ್ರೂ.

ದುಡ್ಡು ಇಲ್ಲ ಅನ್ನಬೇಡಿ. ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ 2013ರಿಂದ ಇದೆ. ಬೇರೆ ಕೆಲಸಕ್ಕೆ ಹಣ ತಿರುಗಿಸೋ 7(ಡಿ) ಕಲಮನ್ನ ಹೋರಾಡಿ 2023ರಲ್ಲಿ ತೆಗೆಸಿದ್ವಿ. ಆಮೇಲೂ ಅದೇ ಹಣ ಗ್ಯಾರಂಟಿಗಳಿಗೆ ಹೋಯ್ತು. ಫ್ರೀ ಬಸ್ ಬೇಡ ಅಂತ ನಾನು ಹೇಳಲ್ಲ, ದಿನಾ ಅದೇ ಬಸ್ಸಲ್ಲಿ ಓಡಾಡೋಳು ನಾನು. ಎಲ್ಲರಿಗೂ ಕೊಡೋದನ್ನ ನಮ್ಮ ಲೆಕ್ಕದಲ್ಲಿ ಯಾಕೆ ಬರೀತೀರಿ ಅಂತ ಕೇಳ್ತಿದ್ದೀನಿ.

ಹಾಗಾಗಿ ಒಂದು ಮನವಿ ಬರೆದಿದ್ದೀನಿ. ಸಮಾಜ ಕಲ್ಯಾಣ ಇಲಾಖೆಯ ಹೆಣ್ಮಕ್ಕಳ ಹಾಸ್ಟೆಲ್ಲು, ಮೊರಾರ್ಜಿ ಮತ್ತು ಕಿತ್ತೂರು ಚೆನ್ನಮ್ಮ ವಸತಿ ಶಾಲೆಗಳ ಕ್ರೀಡೆಗೆ ಪ್ರತ್ಯೇಕ ಲೆಕ್ಕ ಶೀರ್ಷಿಕೆ ತೆರೆಯಬೇಕು. ಅದರಲ್ಲಿ ಮಹಿಳಾ ಕೋಚ್ ಸಂಬಳ, ಪ್ರಯಾಣದ ಖರ್ಚು, ಜೊತೆಗೆ ಹೋಗೋ ಸಿಬ್ಬಂದಿಯ ಭತ್ಯೆ ಮೂರೂ ಇರಬೇಕು. ಕಬಡ್ಡಿ, ಖೋ ಖೋ ಜೊತೆ ಸೆವೆನ್ಸೂ ಸೇರಲಿ. ಇನ್ನೊಂದು ನಮ್ಮ ಏರಿಯಾದ್ದು. ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದ ಯಾವ ಮೈದಾನಕ್ಕೆ ಸಂಜೆ ಹೋದ್ರೂ ಗಂಡುಡುಗರ ಐದಾರು ಕ್ರಿಕೆಟ್ ಮ್ಯಾಚ್ ಒಟ್ಟಿಗೆ ನಡೀತಿರುತ್ತೆ, ಹುಡುಗಿಯರು ಅಂಚಲ್ಲಿ ನಡೀತಿರ್ತಾರೆ. ವಾರಕ್ಕೆ ಮೂರು ಸಂಜೆ, ನಾಲ್ಕೂವರೆಯಿಂದ ಆರೂವರೆ, ಹುಡುಗಿಯರಿಗೆ ಅಂತ ಬೋರ್ಡ್ ಹಾಕಿ ಮೀಸಲಿಡಿ. ಮೊದಲ ವಾರ ನಾಲ್ಕೇ ಜನ ಬರಬಹುದು. ಬರಲಿ.

ಮನವಿಯ ಕರಡು ಕೆಳಗೆ ಕಾಮೆಂಟಲ್ಲಿ ಹಾಕ್ತೀನಿ, ತಪ್ಪಿದ್ರೆ ತಿದ್ದಿ. ಸಹಿ ಹಾಕೋರು ಭಾನುವಾರ ಬೆಳಗ್ಗೆ ಹತ್ತಕ್ಕೆ ವಿಜಯನಗರ ಮೆಟ್ರೋ ಸ್ಟೇಷನ್ ಕೆಳಗೆ ಬನ್ನಿ. ಹೆಣ್ಮಕ್ಕಳನ್ನೂ ಕರ್ಕೊಂಡು ಬನ್ನಿ. ಅವರದ್ದೇ ಮೊದಲ ಸಹಿ.

ಜೈಭೀಮ್.