ಸೀಟು ಸಿಕ್ಕಿತು, ದುಡ್ಡು ಹೊಂದಲಿಲ್ಲ: ‘ಬೇಡ’ ಎನ್ನುವುದಕ್ಕೂ ಒಂದು ಕ್ರಮವಿದೆ

ಡಿಗ್ರಿ ಮುಗಿಸಿದ ನಮ್ಮ ಮಕ್ಕಳಿಗೆ ಹೊರದೇಶದ ವಿವಿಗಳಲ್ಲಿ ಸೀಟು ಸಿಗುವುದು ಈಗ ಅಪರೂಪವಲ್ಲ. ಸೀಟು ಸಿಕ್ಕಿದ ಸುದ್ದಿ ಊರಿಡೀ ಹರಡುತ್ತದೆ. ದುಡ್ಡು ಹೊಂದದೆ ಅದನ್ನು ಬಿಟ್ಟ ಸುದ್ದಿ ಮಾತ್ರ ಮನೆಯೊಳಗೇ ಉಳಿಯುತ್ತದೆ. ಜನ ಏನಂತಾರೋ ಎಂಬ ಭಯಕ್ಕೆ ಮನೆ ಅಡವಿಟ್ಟವರೂ, ಉಮ್ಮನ ಚಿನ್ನ ಮಾರಿದವರೂ ನಮ್ಮಲ್ಲಿದ್ದಾರೆ.

ಲೆಕ್ಕ ನೋಡೋಣ. ಬ್ರಿಟನ್‌ಗೆ ಹೋಗುವ ವಿದ್ಯಾರ್ಥಿ ಫೀಸು, ಊಟ, ಬಾಡಿಗೆಯ ಮೇಲೆ ಆರೋಗ್ಯ ಶುಲ್ಕವೆಂದೇ ವರ್ಷಕ್ಕೆ 776 ಪೌಂಡ್ ಕಟ್ಟಬೇಕು. ಜರ್ಮನಿಯ ಹೆಚ್ಚಿನ ಸರಕಾರಿ ವಿವಿಗಳಲ್ಲಿ ಫೀಸಿಲ್ಲ, ನಿಜ. ಆದರೆ ವೀಸಾಕ್ಕೆ ಒಂದು ವರ್ಷದ ಖರ್ಚೆಂದು 11,904 ಯೂರೋ ಖಾತೆಯಲ್ಲಿ ಇಟ್ಟು ತೋರಿಸಬೇಕೆಂಬ ನಿಯಮ 2024ರಲ್ಲಿ ಬಂತು. ನಮ್ಮ ಲೆಕ್ಕದಲ್ಲಿ ಅದು ಹತ್ತು ಲಕ್ಷ ದಾಟುತ್ತದೆ.

ಇತ್ತ ಆಸರೆಗಳು ಕಡಿಮೆಯಾಗಿವೆ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದ ಸಾಲದ ಬಡ್ಡಿಗೆ ಕೇಂದ್ರ ಕೊಡುತ್ತಿದ್ದ ‘ಪಢೋ ಪರದೇಶ್’ ಸಹಾಯಧನ 2022-23ರಲ್ಲಿ ನಿಂತಿತು. ಸಂಶೋಧಕರಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ ಕೂಡ ಆಗಲೇ ನಿಂತಿತು. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿದೇಶ ವ್ಯಾಸಂಗಕ್ಕೆ ಸಾಲವಿದೆ, ಆದರೆ ಅಡವಿಡಲು ಆಸ್ತಿ ಬೇಕು. ಬಡ್ಡಿಯಿಂದ ದೂರ ಇರಬೇಕೆನ್ನುವ ಮನೆಗೆ ಬ್ಯಾಂಕಿನ ಬಾಗಿಲೂ ಮುಚ್ಚಿದಂತೆಯೇ.

ಹೀಗಿರುವಾಗ ‘ಬೇಡ’ ಎನ್ನುವುದು ಸೋಲಲ್ಲ. ಆದರೆ ಸುಮ್ಮನೆ ಉತ್ತರ ಕೊಡದೆ ಕೂತರೆ ತಪ್ಪಾಗುತ್ತದೆ. ಕಾಯುವ ಪಟ್ಟಿಯಲ್ಲಿ ಇನ್ನೊಬ್ಬರ ಮಗು ಇರುತ್ತದೆ. ನಾವು ಬಿಟ್ಟ ಸೀಟು ಬೇಗ ತಿಳಿದರೆ ಅವರಿಗೆ ಸಿಗಬಹುದು. ಅಮೆರಿಕದ ಬಹಳಷ್ಟು ವಿವಿಗಳು ನೆರವಿನ ಸಮೇತ ಸೀಟು ಕೊಟ್ಟಾಗ ಏಪ್ರಿಲ್ 15ರವರೆಗೆ ಯೋಚಿಸಲು ಬಿಡುತ್ತವೆ. ಅಷ್ಟರೊಳಗೆ ಹೇಳಿದರೆ ಯಾರಿಗೂ ತೊಂದರೆಯಿಲ್ಲ.

ಬೇಡ ಎನ್ನುವ ಮೊದಲು ಎರಡು ಪ್ರಶ್ನೆ ಕೇಳಬೇಕು. ಫೀಸಿನಲ್ಲಿ ರಿಯಾಯಿತಿಯೋ, ವಿವಿಯೊಳಗೇ ದುಡಿಮೆಯೋ ಸಿಗುತ್ತದಾ? ಸೀಟನ್ನು ಒಂದು ವರ್ಷ ಮುಂದೆ ಹಾಕಲಾಗುತ್ತದಾ? ಉತ್ತರ ಬರುವವರೆಗೆ ಮುಂಗಡ ಕಟ್ಟಬಾರದು, ಎಷ್ಟೋ ಕಡೆ ಅದು ವಾಪಸ್ ಬರುವುದಿಲ್ಲ. ಎರಡಕ್ಕೂ ಇಲ್ಲವೆಂದರೆ ನಾಲ್ಕು ಸಾಲಿನ ಪತ್ರ ಸಾಕು: ಆಯ್ಕೆ ಮಾಡಿದ್ದಕ್ಕೆ ಕೃತಜ್ಞತೆ, ಹಣಕಾಸಿನ ಕಾರಣದಿಂದ ಸೇರಲಾಗುತ್ತಿಲ್ಲವೆಂಬ ಮಾತು, ಮುಂದೆ ಮತ್ತೆ ಅರ್ಜಿ ಹಾಕುವ ಆಸೆ. ಮನೆಯ ಕಷ್ಟವನ್ನೆಲ್ಲ ಬರೆಯಬೇಕಿಲ್ಲ. ಶಿಫಾರಸು ಕೊಟ್ಟ ಅಧ್ಯಾಪಕರಿಗೂ ತಿಳಿಸಬೇಕು. ನಾಳೆ ಅವರ ಬಳಿಗೇ ಮತ್ತೆ ಹೋಗಲಿಕ್ಕಿದೆ.

ಇನ್ನು ಜಮಾಅತಿನ ಮಾತು. ಒಂದೇ ದಿನದ ಮದುವೆ ಹಾಲ್‌ಗೆ, ಊಟಕ್ಕೆ ಲಕ್ಷಗಟ್ಟಲೆ ಸುರಿಯುವ ನಾವು, ಓದುವ ಮಕ್ಕಳಿಗೆ ಬಡ್ಡಿಯಿಲ್ಲದ ಕೈಸಾಲದ ನಿಧಿ ಕಟ್ಟಲಾರೆವಾ? ಓದಿ ದುಡಿದವರು ತೀರಿಸಿದರೆ ಅದೇ ಹಣ ಮುಂದಿನ ಮಗುವಿಗಾಗುತ್ತದೆ. ಸೀಟು ಬಿಟ್ಟ ಮಗುವಿಗೆ ‘ಪರವಾಗಿಲ್ಲ’ ಎಂದರೆ ಸಾಲದು, ಮುಂದಿನ ವರ್ಷ ಅರ್ಜಿ ಹಾಕುವಾಗ ಅದರ ಬೆನ್ನಿಗೆ ನಿಲ್ಲಬೇಕು.