ಮೂರನೇ ದಿನದ ಮಾತ್ರೆ

ಸಂಜೆ ಏಳರ ಹೊತ್ತಿಗೆ ನಮ್ಮ ಬೀದಿಯ ಔಷಧಿ ಅಂಗಡಿ ಮುಂದೆ ನಿಂತರೆ ಈ ಮಾತು ಕಿವಿಗೆ ಬೀಳದೇ ಇರುವುದಿಲ್ಲ: ‘ಮೂರು ದಿನ ಆಯ್ತು, ನೆಗಡಿ ಬಿಡ್ತಾನೇ ಇಲ್ಲ. ಸ್ವಲ್ಪ ಪವರ್ ಇರೋದು ಕೊಡಿ.’ ಅಮಾಕ್ಸಿಸಿಲಿನ್ ಪಟ್ಟಿಯಿಂದ ಆರು ಕ್ಯಾಪ್ಸೂಲು ಕತ್ತರಿಸಿ ಕೈಗಿಡುತ್ತಾರೆ. ವೈದ್ಯರ ಚೀಟಿ ಇಲ್ಲದೆ ನುಂಗಬಾರದು ಎನ್ನುವ ಕೆಂಪು ಗೆರೆ, ಔಷಧಿಯ ಹೆಸರು, ಅವಧಿ ಮುಗಿಯುವ ತಿಂಗಳು ಎಲ್ಲವೂ ಕತ್ತರಿಗೆ ಸಿಕ್ಕಿ ಅರ್ಧಂಬರ್ಧ ಆಗಿರುತ್ತವೆ.

ಆ ‘ಮೂರು ದಿನ’ದಲ್ಲೇ ಸಮಸ್ಯೆಯ ಬೇರಿದೆ. ನೆಗಡಿ ತರುವ ವೈರಸ್‌ಗಳು 200ಕ್ಕೂ ಹೆಚ್ಚು. ರೈನೊವೈರಸ್ ಒಂದರಲ್ಲೇ 160ಕ್ಕೂ ಹೆಚ್ಚು ಬಗೆ. ಲಸಿಕೆ ಬಾರದಿರಲು ಇದೊಂದು ದೊಡ್ಡ ಕಾರಣ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1946ರಿಂದ ನಾಲ್ಕು ದಶಕಕ್ಕೂ ಹೆಚ್ಚು ಕಾಲ ನೆಗಡಿಗೆಂದೇ ಸಂಶೋಧನಾ ಕೇಂದ್ರ ನಡೆಯಿತು, ಅಲ್ಲಿಂದಲೂ ಮದ್ದು ಬರಲಿಲ್ಲ. ಯಾವ ವೈರಸ್ ತಗುಲಿದರೂ ಕಾಯಿಲೆಯ ಹಾದಿ ಹೆಚ್ಚುಕಡಿಮೆ ಒಂದೇ. ಮೊದಲು ಗಂಟಲು ಕೆರೆಯುತ್ತದೆ. ಎರಡು-ಮೂರನೇ ದಿನಕ್ಕೆ ಮೂಗು ಸುರಿದು, ತಲೆ ಭಾರವಾಗಿ ಬಾಧೆ ತುದಿ ಮುಟ್ಟುತ್ತದೆ. ಆಮೇಲೆ ತಾನಾಗಿ ಇಳಿದು ಏಳರಿಂದ ಹತ್ತು ದಿನದಲ್ಲಿ ಮುಗಿಯುತ್ತದೆ. ಕೆಮ್ಮು ಎರಡು-ಮೂರು ವಾರ ಎಳೆದರೂ ಎಳೆಯಬಹುದು.

ನಾವು ಅಂಗಡಿಗೆ ಹೋಗುವುದು ಬಾಧೆ ತುದಿ ಮುಟ್ಟಿದ ದಿನ. ಮಾರನೇ ದಿನದಿಂದ ಅದು ಹೇಗೂ ಇಳಿಯುತ್ತದೆ, ಹೆಸರು ಮಾತ್ರೆಗೆ ಬರುತ್ತದೆ. ಮುಂದಿನ ಸಲ ಮನೆಮಂದಿಗೆಲ್ಲ ಅದೇ ಮಾತ್ರೆ. ಬ್ಯಾಕ್ಟೀರಿಯಾ ಕೊಲ್ಲುವ ಆ್ಯಂಟಿಬಯೋಟಿಕ್‌ಗೆ ವೈರಸ್ಸನ್ನು ಮುಟ್ಟಲೂ ಆಗದು. ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳು ಮಾತ್ರ ಆ ಔಷಧಿಗೆ ಬಗ್ಗದಿರುವುದನ್ನು ಕಲಿಯುತ್ತವೆ. ನಾಳೆ ನ್ಯುಮೋನಿಯಾ ಬಂದಾಗ ಅದೇ ಔಷಧಿ ಕೈಕೊಟ್ಟರೆ ಏನು ಮಾಡುವುದು? ‘ಸಿಂಬಳ ಹಸಿರಾಗಿದೆ, ಇನ್‌ಫೆಕ್ಷನ್ ಆಗಿದೆ’ ಎಂದು ಹೆದರುವವರಿದ್ದಾರೆ. ಆ ಬಣ್ಣ ಬರುವುದು ನಮ್ಮದೇ ಬಿಳಿ ರಕ್ತಕಣಗಳ ಕಿಣ್ವದಿಂದ. ಬಣ್ಣವೊಂದನ್ನೇ ನೋಡಿ ಆ್ಯಂಟಿಬಯೋಟಿಕ್ ನುಂಗುವುದು ಬೇಡ.

ಮಕ್ಕಳ ವಿಷಯದಲ್ಲಿ ಈ ಅವಸರ ಜೀವಕ್ಕೇ ಎರವಾಗಬಹುದು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಸುತ್ತಮುತ್ತ ‘ಕೋಲ್ಡ್ರಿಫ್’ ಸಿರಪ್ ಕುಡಿದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇ 48.6ರಷ್ಟಿತ್ತು. ವಿಷ ಬೆರೆತದ್ದು ತಯಾರಕರ, ತಪಾಸಣೆಯ ಘೋರ ತಪ್ಪು. ಆದರೆ ನನ್ನ ಸಂಕಟ ಇನ್ನೊಂದು: ಆ ಸಿರಪ್‌ನ ಅಗತ್ಯವಾದರೂ ಎಷ್ಟಿತ್ತು? ಎರಡು ವರ್ಷದೊಳಗಿನ ಮಕ್ಕಳಿಗೆ ನೆಗಡಿ-ಕೆಮ್ಮಿನ ಔಷಧಿ ಕೊಡಲೇಬಾರದು, ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಆ ವರ್ಷದ ಅಕ್ಟೋಬರಿನಲ್ಲೇ ಹೇಳಿತು.

ಮೂಗು ಕಟ್ಟಿದ ಕೂಸಿಗೆ ಸಲೈನ್ ಹನಿ, ಮತ್ತೆ ಮತ್ತೆ ಎದೆಹಾಲು ಸಾಕು. ವರ್ಷ ತುಂಬಿದವರಿಗೆ ಕೆಮ್ಮಿದ್ದರೆ ಮಲಗುವ ಮುನ್ನ ಒಂದು ಚಮಚ ಜೇನು. ವರ್ಷದೊಳಗೆ ಜೇನು ನೆಕ್ಕಿಸಲೇಬಾರದು. ದೊಡ್ಡವರಿಗೆ ಬಿಸಿ ಮೆಣಸಿನ ಸಾರು, ಉಪ್ಪುನೀರಿನ ಗಂಟಲು ಮುಕ್ಕಳಿಕೆ, ಮೈಕೈ ನೋವಿದ್ದರೆ ಪ್ಯಾರಸಿಟಮಾಲ್. ಕುದಿನೀರಿನ ಪಾತ್ರೆಗೆ ಮಕ್ಕಳ ಮುಖವೊಡ್ಡಬೇಡಿ, ಸುಟ್ಟುಕೊಂಡೀತು. ಉಸಿರಾಟ ಜೋರಾಗಿ ಪಕ್ಕೆಲುಬು ಒಳಸೆಳೆದರೆ, ಮಗು ಹಾಲು ಬಿಟ್ಟರೆ, ಜ್ವರ ಮೂರು ದಿನ ದಾಟಿದರೆ, ಇಳಿದ ಜ್ವರ ಮತ್ತೆ ಏರಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಮೂರು ತಿಂಗಳೊಳಗಿನ ಕೂಸಿಗಾದರೆ ಜ್ವರ ಕಂಡ ದಿನವೇ.

ಇಷ್ಟು ತಿಳಿಸಿದರೆ ಜನ ಬದಲಾಗುತ್ತಾರೆಂದು ನಾನೂ ನಂಬಿದ್ದೆ. ಈಚೆಗೆ ಅದೇ ಅಂಗಡಿಯಲ್ಲಿ ಗಾರೆ ಕೆಲಸದವರೊಬ್ಬರಿಗೆ ಇದನ್ನೆಲ್ಲ ಹೇಳಿದೆ. ಸಿಮೆಂಟು ಹತ್ತಿದ ಅಂಗೈಯಿಂದ ಮೂಗೊರೆಸಿಕೊಂಡು ಪೂರಾ ಕೇಳಿಸಿಕೊಂಡರು. ‘ಸರಿ ಸಾರ್. ನಾಳೆ ಸ್ಲ್ಯಾಬ್ ಹಾಕೋದಿದೆ, ಹೋಗ್ಲಿಲ್ಲ ಅಂದ್ರೆ ಕೂಲಿ ಇಲ್ಲ’ ಎಂದರು. ಕೂಲಿ ಕಳೆಯದೆ ಎರಡು ದಿನ ಮಲಗುವ ಅವಕಾಶ ಅವರಿಗಿಲ್ಲ. ಮಕ್ಕಳಿಗೂ ಈ ಬಿಡುವು ಸಿಗದು. ಹುಷಾರಿಲ್ಲದ ದಿನವೂ ಮಗುವನ್ನು ಶಾಲೆಗೆ ದಬ್ಬುವಂತೆ ಮಾಡುವ ‘ಪೂರ್ಣ ಹಾಜರಿ’ ಬಹುಮಾನವನ್ನು ನಾಳೆಯೇ ನಿಲ್ಲಿಸಬಹುದು, ಅದಕ್ಕೆ ಖರ್ಚಿಲ್ಲ. ಆದರೆ ದಿನಗೂಲಿಯವರ ಕಾಯಿಲೆ ರಜೆಗೆ ಹಣ ಬೇಕು, ಕಾನೂನು ಬೇಕು. ಆ ಸಂಜೆ ಅವರು ಆರು ಕ್ಯಾಪ್ಸೂಲು ಜೇಬಿಗಿಳಿಸಿ ಬಸ್ ಸ್ಟಾಪಿನ ಕಡೆ ನಡೆದರು.